ಪಕೀರಮ್ಮನ ದನಿಗೆ ಹಿಂಜಿದ ಹತ್ತಿ

ಲಿಂಗಸುಗೂರಿನ ವಿಜಯಶ್ರೀಗೆ ತನ್ನ ಕಿವಿಯ ಮೇಲೆ ಭಾರಿ ಹೆಮ್ಮೆ. ಇದ್ದರೆ ತಪ್ಪೇನು? ಕೆಳಗೆ ಗಂಡನ ಹಿಟ್ಟಿನ ಗಿರಣಿ, ಮೇಲೆ ಅವಳ ರೆಕಾರ್ಡಿಂಗ್ ಕೋಣೆ. ಗಿರಣಿಗೆ ಬಿದ್ದದ್ದು ಜೋಳವೋ ಗೋಧಿಯೋ ಎಂದು ಮೇಲೆ ಕೂತು ಸದ್ದಿನಿಂದಲೇ ಹೇಳುವ ಹೆಂಗಸು ಅವಳು. ಸುತ್ತಲಿನ ಭಜನಿ ಮೇಳಗಳ ಪದಗಳನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಹದಗೊಳಿಸಿ, ಮೊಬೈಲಿಗೆ ಹಾಕಿ ಕೊಡುವುದು ಅವಳ ಕೆಲಸ. ಹಾಡುವ ಹೊತ್ತಿಗೆ ಗಿರಣಿ ಬಂದ್ ಮಾಡಿಸಬಹುದು. ಆದರೆ ಹದಗೊಳಿಸಲು ದಿನಗಟ್ಟಲೆ ಬೇಕು, ಅಷ್ಟು ದಿನ ಓಣಿಯವರು ರೊಟ್ಟಿ ತಿನ್ನುವುದು ಬೇಡವೇ? ಅದಕ್ಕೇ ಹೊರಗಿನ ಸದ್ದು ಒಳಗೆ ಬಿಡದ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಂಡಿದ್ದಳು. "ಏನು ಬೇಸ್ ಐತ್ರೀ ಅಕ್ಕಾರ, ತಲಿ ಗದಗದ ಅಂತೈತಿ," ಎಂದಿದ್ದ ಸಿಂಧನೂರಿನ ಅಂಗಡಿಯವನು. ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ವಿಜಯಶ್ರೀಯೂ ನಂಬಿದಳು.

ಆ ಹೆಡ್‌ಫೋನ್ ಹಾಕಿಕೊಂಡೇ ಅವಳು ಸಾಲಗುಂದದ ಪಕೀರಮ್ಮನ ಪದವನ್ನು ತಿದ್ದಿದ್ದು.

ಪಕೀರಮ್ಮನಿಗೆ ಎಪ್ಪತ್ತೆರಡು. ಹೆಣ್ಣುಮಕ್ಕಳ ಭಜನಿ ಮೇಳದ ಮುಂದಾಳು. ದನಿ ದಪ್ಪ, ನೆಲಕ್ಕೆ ಹತ್ತಿಕೊಂಡ ದನಿ. ಮದುವೆಯಾದ ಹೊಸತರಲ್ಲಿ ಅತ್ತೆ, "ಗಂಡಸರು ಹಾಡಿದಂಗ ಆಕ್ಕೈತಿ, ದನಿ ಸಣ್ಣ ಮಾಡು," ಎಂದಿದ್ದಳಂತೆ. ಪಕೀರಮ್ಮ ಒಂದು ವರ್ಷ ಹಾಡುವುದನ್ನೇ ಬಿಟ್ಟಳು, ದನಿ ಮಾತ್ರ ಸಣ್ಣ ಮಾಡಲಿಲ್ಲ. ಕೊನೆಗೆ ಅತ್ತೆಯೇ ಸೋತು, "ಹಾಡು ಮಾರಾಯ್ತಿ, ಮನಿ ಭಣಭಣ ಅನ್ನಾಕತ್ತೈತಿ," ಎಂದಳು.

ಭತ್ತದ ಸೀಮೆಯಲ್ಲಿ ಹಾಡು ಪಾಸಾಗಬೇಕಾದರೆ ಟ್ರ್ಯಾಕ್ಟರಿನ ಮೇಲೆ ಪಾಸಾಗಬೇಕು. ವಿಜಯಶ್ರೀ ತಿದ್ದಿದ ಪದವನ್ನು ಮೊಬೈಲಿನಲ್ಲಿ ಹೊತ್ತು ಸಾಲಗುಂದಕ್ಕೆ ಹೋದಳು. ಪಕೀರಮ್ಮನ ಮಗ ಗಿಡ್ಡಪ್ಪ ತನ್ನ ಟ್ರ್ಯಾಕ್ಟರಿನ ಎರಡು ದೊಡ್ಡ ಸ್ಪೀಕರ್ ಬಾಕ್ಸಿಗೆ ಅದನ್ನು ಹಚ್ಚಿದ. ದಮ್ಮಡಿ ಬಂತು, ತಾಳ ಬಂತು, ಆಮೇಲೆ ಹಪ್ಪಳದಷ್ಟು ತೆಳ್ಳಗಿನ ಒಂದು ದನಿ ಬಂತು.

"ಯಾರವ್ವ ಈಕಿ?" ಪಕೀರಮ್ಮ ಕೇಳಿದಳು.

"ನೀನ ಬೇ ಯವ್ವ," ಎಂದ ಗಿಡ್ಡಪ್ಪ.

"ನಾ ಅಲ್ಲ. ನಮ್ಮತ್ತಿಗೆ ಬೇಕಾಗಿದ್ದ ಸೊಸಿ ಈಕಿ."

ವಿಜಯಶ್ರೀಯ ಮುಖ ಸುಟ್ಟ ಬದನೆಕಾಯಿಯಾಯಿತು. ಮೊಬೈಲಿನಲ್ಲೇ ಇದ್ದ, ತಾನು ಕೈಯಾಡಿಸದ ಮೂಲ ರೆಕಾರ್ಡಿಂಗ್ ಹಚ್ಚಿಸಿದಳು. ಅದರಲ್ಲಿ ಪಕೀರಮ್ಮನ ದನಿ ಇದ್ದ ಹಾಗೇ ಇತ್ತು. ಆದರೆ ದಮ್ಮಡಿಯ ಹೊಡೆತಕ್ಕೆ ಅರ್ಧ ಮಾತು ಮುಳುಗಿತ್ತು, ಹಿಮ್ಮೇಳದವರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಹಾಗೇ ಕೊಡುವಂತಿರಲಿಲ್ಲ. ಆದರೆ ತಪ್ಪು ಎಲ್ಲಿದೆ ಎಂದು ಅಲ್ಲೇ ಹೊಳೆಯಿತು. ಬಾಕ್ಸಿನಲ್ಲಿ ಸರಿಯಾಗಿ ಕೇಳುವ ದಪ್ಪ ದನಿ ಹೆಡ್‌ಫೋನಿನ ಖಾಲಿ ಡಬ್ಬಿಯೊಳಗೆ ಗುಂಯ್ ಎಂದು ಊದಿಕೊಳ್ಳುತ್ತಿತ್ತು. ಅದನ್ನು ಮುದುಕಿಯ ಗಂಟಲಿನ ದೋಷವೆಂದು ತಿಳಿದು ವಿಜಯಶ್ರೀ ಕತ್ತರಿಸುತ್ತ ಹೋಗಿದ್ದಳು. ತಪ್ಪು ಡಬ್ಬಿಯದು, ಶಿಕ್ಷೆ ಪಕೀರಮ್ಮನಿಗೆ.

"ತಾಯಿ, ನಲವತ್ತು ಪದ ಅದಾವು ನನ್ನ ಹೊಟ್ಯಾಗ," ಎಂದಳು ಪಕೀರಮ್ಮ. "ಯಾವ ಪುಸ್ತಕದಾಗೂ ಇಲ್ಲ. ನನ್ನ ದನಿ ನನಗ ಕೊಡೂದಿದ್ರ ಇನ್ನೊಮ್ಮಿ ಬಾ. ಇಲ್ಲಂದ್ರ ಅವು ನನ್ನ ಕೂಡ ಹೋಗ್ಲಿ."

ಬೇರೆ ಹೆಡ್‌ಫೋನ್ ಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆ ಅಂಗಡಿ ತಿರುಗಿದಳು. ಎಲ್ಲ ಕಡೆ ತಲೆ ಗದಗುಟ್ಟಿಸುವವೇ. ಕಡೆಗೆ ಮನೆಗೆ ಬಂದು, ತನ್ನದನ್ನೇ ಬಿಚ್ಚಿದಳು. ಕಿವಿಯ ಮೆತ್ತೆ ಎಳೆದರೆ ಅದರಡಿ ನಾಲ್ಕು ಸ್ಕ್ರೂ. ಅವನ್ನು ತೆಗೆದರೆ ರೂಪಾಯಿ ಅಗಲದ ಸ್ಪೀಕರು. ಅದರ ಹಿಂದೆ ಬರೀ ಪ್ಲಾಸ್ಟಿಕ್ ಗೋಡೆ, ಬರೀ ಗಾಳಿ. ಉಗುರಿನಿಂದ ಬಡಿದರೆ ಖಾಲಿ ಡಬ್ಬಿಯ ಸದ್ದು.

ಖಾಲಿ ಇದ್ದದ್ದನ್ನು ತುಂಬಬೇಕು, ಅಷ್ಟೇ ತಾನೆ? ಹೊಲದ ಹತ್ತಿ ತಂದು ಎರಡೂ ಕಡೆ ಗಟ್ಟಿಯಾಗಿ ತುರುಕಿದಳು. ಗಂಡ ಬಾಗಿಲಲ್ಲಿ ನಿಂತು ನೋಡಿದ. "ಎಣ್ಣಿಗಾಯಿ ಮಾಡಾಕತ್ತೀಯೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೆಳಗಿಳಿದ. ಜಾಣ. ಹಾಕಿಕೊಂಡು ಕೇಳಿದರೆ ಗುಂಯ್ ಎನ್ನುವುದು ಹೋಗಿತ್ತು ನಿಜ, ಅದರೊಂದಿಗೆ ಜೀವವೂ ಹೋಗಿತ್ತು. ಪಕೀರಮ್ಮ ನಾಲ್ಕು ರಜಾಯಿ ಹೊದ್ದು ಹಾಡಿದಂತಿತ್ತು.

ಮಸ್ಕಿಯಲ್ಲಿ ಗಾದಿ ಹೊಲಿಯುವ ದಾವಲ್‌ಸಾಬ್ ಇದ್ದಾನೆ. ವಿಜಯಶ್ರೀಯ ಮದುವೆಗೆ ಗಾದಿ ತುಂಬಿಕೊಟ್ಟವನು. ಐವತ್ತು ವರ್ಷದಿಂದ ಹತ್ತಿ ಹಿಂಜಿದ ಬೆರಳು. ಅವನ ಮುಂದೆ ಹೆಡ್‌ಫೋನ್ ಬಿಚ್ಚಿಟ್ಟಳು.

"ಕಾಕಾ, ಹತ್ತಿ ಹಾಕಿದ್ರ ದನಿ ಸತ್ತು ಹೋಗಾಕತ್ತೈತಿ."

ದಾವಲ್‌ಸಾಬ್ ಉಂಡೆಯನ್ನು ಹೊರಗೆಳೆದು ಹೊಟ್ಟೆ ಹಿಡಿದು ನಕ್ಕ. "ಗಾದಿ ತುಂಬಿದಂಗ ತುಂಬೀದಿ ಬೇಟಿ! ಗಾದಿ ಮ್ಯಾಲ ಮಂದಿ ಮಲಗ್ತಾರ. ಇದರಾಗ ಯಾರು ಮಲಗೂದೈತಿ?" ಆಮೇಲೆ ಒಂದು ಚಿಟಿಕೆ ಹತ್ತಿ ತೆಗೆದುಕೊಂಡು, ಎರಡು ಬೆರಳಲ್ಲಿ ಎಳೆದು ಎಳೆದು ಅಂಗೈಯಷ್ಟು ಅಗಲ ಮಾಡಿದ. ಅದರ ಮೂಲಕ ಬಾಗಿಲು ಕಾಣುತ್ತಿತ್ತು. "ಹತ್ತಿ ಅಂದ್ರ ಅರ್ಧ ಗಾಳಿ. ಗಾಳಿ ತಗದ್ರ ಅದು ಕಲ್ಲು. ಇಷ್ಟ ಹಾಸು. ಸಾಲದಿದ್ರ ಇನ್ನೊಂದು ಪದರ. ತುರುಕಬ್ಯಾಡ."

ಚಪ್ಪಟೆಯಾಗಿದ್ದ ಕಿವಿಮೆತ್ತೆಗಳನ್ನೂ ಅವನೇ ಮತ್ತೆ ತುಂಬಿ, ಹತ್ತಿಬಟ್ಟೆಯಲ್ಲಿ ಬಳೆಯ ಹಾಗೆ ಹೊಲಿದುಕೊಟ್ಟ.

ಆಮೇಲಿನ ಹದಿನೈದು ದಿನ ವಿಜಯಶ್ರೀ ಮಾಡಿದ್ದನ್ನು ನೋಡಿದರೆ ಹೆಮ್ಮೆಪಡಲೇಬೇಕು. ಎಡಗಡೆಯದನ್ನು ಮಾತ್ರ ತಿದ್ದಿದಳು, ಬಲಗಡೆಯದನ್ನು ಹಾಗೇ ಬಿಟ್ಟಳು. ಎರಡನ್ನೂ ಒಟ್ಟಿಗೆ ಕೇಳಿದರೆ ತಾನೆ ಫರಕು ಗೊತ್ತಾಗುವುದು? ಪ್ಲಾಸ್ಟಿಕ್ ಗೋಡೆಗೆ ಹಳೆಯ ಕಂಬಳಿಯ ತುಂಡು ಅಂಟಿಸಿ, ಸ್ಪೀಕರಿನ ಹಿಂದೆ ಹತ್ತಿಯ ಒಂದು ಪದರ ಹಾಸಿದಳು. ಕೇಳಿದಳು. ಎರಡು ಪದರ ಮಾಡಿದಳು, ಕೇಳಿದಳು. ಮೂರು ಮಾಡಿದಳು, ಹೆಚ್ಚಾಯಿತು, ತೆಗೆದಳು. ಒಂಬತ್ತು ಸಲ ಬಿಚ್ಚಿ ಮುಚ್ಚಿದ್ದಕ್ಕೆ ಒಂದು ಸ್ಕ್ರೂವಿನ ತಲೆ ಸವೆದು, ಅಲ್ಲಿಗೆ ಕಪ್ಪು ಟೇಪು ಬಿತ್ತು. ಹತ್ತನೆಯ ಸಲ ಮೂಲ ರೆಕಾರ್ಡಿಂಗ್ ಹಚ್ಚಿದಾಗ ಬಲಗಿವಿಯಲ್ಲಿ ಪಕೀರಮ್ಮ ನೆಲದೊಳಗಿನ ಕಾಳಿನ ಹಗೇವಿಗೆ ಇಳಿದು ಹಾಡುತ್ತಿದ್ದಳು, ಎಡಗಿವಿಯಲ್ಲಿ ಮೇಲೆ ಬಂದು ಕಟ್ಟೆಯ ಮೇಲೆ ಕೂತಿದ್ದಳು. ಉಸಿರು ಎಲ್ಲಿ ತೆಗೆದುಕೊಂಡಳು ಎನ್ನುವುದೂ ಕೇಳಿಸಿತು. ವಿಜಯಶ್ರೀ ಒಬ್ಬಳೇ ಕೂತು ಜೋರಾಗಿ ನಕ್ಕಳು. ಬಲಗಡೆಯದನ್ನೂ ಹಾಗೇ ಮಾಡಿ, ಪದವನ್ನು ಮೊದಲಿಂದ ತಿದ್ದಿದಳು. ಈ ಸಲ ಪಕೀರಮ್ಮನ ದನಿಯಲ್ಲಿ ಕತ್ತರಿಸುವಂಥದ್ದು ಏನೂ ಇರಲಿಲ್ಲ. ದಮ್ಮಡಿಯನ್ನೂ ಹಿಮ್ಮೇಳವನ್ನೂ ಒಂದಿಷ್ಟು ಹಿಂದಕ್ಕೆ ಸರಿಸಿದರೆ ಸಾಕಾಯಿತು.

ಮತ್ತೆ ಸಾಲಗುಂದ, ಮತ್ತೆ ಅದೇ ಟ್ರ್ಯಾಕ್ಟರ್. ಗಿಡ್ಡಪ್ಪ ಇಂಜಿನ್ ಆರಿಸಿ ಪದ ಹಚ್ಚಿದ. ಪಕೀರಮ್ಮ ಬಾಕ್ಸಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಏಳೂ ನುಡಿ ಕೇಳಿದಳು. ಮುಗಿದ ಮೇಲೂ ಕೈ ತೆಗೆಯಲಿಲ್ಲ.

"ಈಕಿ ನಾನು," ಎಂದಳು. ಕೈ ತೆಗೆಯುತ್ತ, "ಆದ್ರ ಕಡೀ ನುಡಿ ಇನ್ನೊಮ್ಮಿ ಹಾಡಬೇಕು," ಎಂದಳು.

"ಯಾಕ ಯವ್ವ? ಏನು ತಪ್ಪೈತಿ?" ವಿಜಯಶ್ರೀ ಕೇಳಿದಳು.

"ಹಾಡಿದ ಮ್ಯಾಲ ತಿಳೀತೈತಿ ನಡಿ."

ಸೋಮವಾರ ಮೇಳದವರೆಲ್ಲ ಲಿಂಗಸುಗೂರಿಗೆ ಬಂದರು. ಗಿರಣಿ ಬಂದಾಯಿತು. ಆ ಮೇಳದಲ್ಲಿ ಪದದ ಕೊನೆಯ ನುಡಿಗೆ ಊರಿನ ಹೆಸರು, ಹಾಡುವವರ ಹೆಸರು ಕಟ್ಟುವುದು ವಾಡಿಕೆ. ಬೇರೆಯವರ ಹೆಸರು ಅಲ್ಲಿಗೆ ಬಂದದ್ದಿಲ್ಲ. ವಿಜಯಶ್ರೀ ಹೆಡ್‌ಫೋನ್ ಹಾಕಿಕೊಂಡು ಕೈಸನ್ನೆ ಮಾಡಿದಳು. ಪಕೀರಮ್ಮ ಅವಳ ಮುಖವನ್ನೇ ನೋಡುತ್ತ ಎತ್ತಿಕೊಂಡಳು:

ಊರು ಸಾಲಗುಂದ, ಹಾಡಾಕಿ ಪಕೀರವ್ವ
ಕಿವಿಗೊಟ್ಟ ವಿಜಯಶ್ರೀ ಲಿಂಗಸೂರ ಮಗಳವ್ವ

ಹಿಮ್ಮೇಳದ ನಾಲ್ವರೂ ಅದನ್ನೇ ಎರಡು ಸಲ ತಿರುಗಿಸಿ ಹಾಡಿದರು. ಆ ದಪ್ಪ ದನಿಯಲ್ಲಿ ತನ್ನ ಹೆಸರು ಎರಡೂ ಕಿವಿ ತುಂಬಿದಾಗ ವಿಜಯಶ್ರೀಗೆ ಅಳು ತಡೆಯಲಾಗಲಿಲ್ಲ. ಈಗಲೂ ಆ ಪದ ಹಚ್ಚಿದರೆ, ಕೊನೆಯ ತಾಳದ ಹಿಂದೆಯೇ ಅವಳು ಮೂಗು ಏರಿಸಿದ ಸದ್ದು ಕೇಳುತ್ತದೆ. ಎಲ್ಲರ ಕೆಮ್ಮು, ಸೀನು ಕತ್ತರಿಸಿ ಎಸೆಯುವಾಕೆ ಅದೊಂದನ್ನು ಹಾಗೇ ಬಿಟ್ಟಿದ್ದಾಳೆ.