ಮುಸುಕಿನ ತುದಿ

ಎಸ್ತರ್, ನನ್ನ ಕೂದಲಿಗೂ ಕತ್ತರಿ ಬಿದ್ದಿತ್ತು. ಒಮ್ಮೆಯಲ್ಲ — ಎರಡು ಮೂರು ತಿಂಗಳಿಗೊಮ್ಮೆ, ಬಚ್ಚಲಿನ ಬಾಗಿಲು ಹಾಕಿಕೊಂಡು, ಸೀಳಿದ ತುದಿಗಳನ್ನು ನಾನೇ ಕತ್ತರಿಸಿ ನೀರೊಲೆಗೆ ಹಾಕುತ್ತಿದ್ದೆ. ವಾಸನೆ ಹೋಗುವವರೆಗೆ ಅಲ್ಲೇ ನಿಂತಿರುತ್ತಿದ್ದೆ.

ಗುಂಡ್ಲುಪೇಟೆಯ ನಮ್ಮ ಕ್ರೈಸ್ತ ಸಭೆಯಲ್ಲಿ ಹೆಂಗಸರಿಗೆ ಬೋಧಿಸುತ್ತಿದ್ದವಳೂ ನಾನೇ. ಹೆಣ್ಣಿಗೆ ಉದ್ದ ಕೂದಲೇ ದೇವರು ಕೊಟ್ಟ ಮುಸುಕು, ಅದಕ್ಕೆ ಕತ್ತರಿ ತಾಗಿಸಬಾರದು, ದೇವದೂತರು ಅದನ್ನು ನೋಡುತ್ತಾರೆ — ಹೀಗೆ. ನಂಬಿಯೇ ಹೇಳುತ್ತಿದ್ದೆ. ನಂಬಿಯೂ ಕತ್ತರಿಸುತ್ತಿದ್ದೆ. ಅದು ಹೇಗೆ ಸಾಧ್ಯವಾಯಿತೋ…

ಆರು ವರ್ಷದ ಹಿಂದೆ ನಿನ್ನ ಮಗಳು ರೂತ್ ಚಾಮರಾಜನಗರದ ಆಸ್ಪತ್ರೆಯಲ್ಲಿ ಎರಡು ದಿನ ಜ್ವರದಿಂದ ಕಣ್ಣು ತೆರೆದಿರಲಿಲ್ಲ. ನಿನ್ನ ಅತ್ತೆ ಫೋನ್ ಮಾಡಿ ನನ್ನನ್ನು ಕರೆಸಿದರು. ಮಧ್ಯಾಹ್ನ ನಾನು ಹೋದಾಗ ನೀನು ಮಂಚದ ಪಕ್ಕ ಮೊಣಕಾಲೂರಿದ್ದೆ. ಹೆರಿಗೆಯ ನಂತರ ಉದುರುತ್ತಿದೆಯೆಂದು ಭುಜದವರೆಗೆ ಕತ್ತರಿಸಿಕೊಂಡಿದ್ದ ಕೂದಲು ಇನ್ನೂ ಬೆಳೆದಿರಲಿಲ್ಲ.

"ಪುಕ್ಕ ಕಿತ್ತ ಕೋಳಿ ಅಂಗೆ ತಲೆ ಮಾಡ್ಕಂಡು ಕುಂತವ್ಳೆ. ಇವ್ಳು ಕೂಗುದ್ರೆ ದೇವ್ರು ಕೇಳಾನಾ? ನಿಮ್ ಕೂದ್ಲ ಬುಟ್ಟು ಮಗೀನ್ ಮ್ಯಾಲೆ ಆಸಿ ಪ್ರಾರ್ಥ್ನೆ ಮಾಡಿ ಅಕ್ಕ" ಎಂದರು ನಿನ್ನ ಅತ್ತೆ.

"ನೀನು ಆಚೆ ಓಗು ಕಣಮ್ಮಿ. ಕತ್ತರಿ ಬಿದ್ದ ತಲೆ ಇಲ್ಲಿ ಬ್ಯಾಡ."

ಇದನ್ನು ಹೇಳಿದ್ದು ನಾನು. ನೀನು ಮಗಳ ಪಾದವನ್ನೊಮ್ಮೆ ಮುಟ್ಟಿ ಎದ್ದು ಹೋದೆ.

ಜಡೆ ಬಿಚ್ಚಿ ಮಗುವಿನ ಎದೆಯ ಮೇಲೆ ಹರಡಿದೆ. ಬಿಳಿಯ ಹೊದಿಕೆ. ಅದರ ಮೇಲೆ ನನ್ನ ಕೂದಲ ತುದಿ — ಒಂದೇ ಸಮ, ಗೆರೆ ಎಳೆದಂತೆ. ನಿನ್ನ ಅತ್ತೆಗೆ ಕಂಡುಬಿಟ್ಟರೆ? ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತುಟಿ ಆಡಿಸಿದೆ. ಪ್ರಾರ್ಥನೆ ಬರಲಿಲ್ಲ, ಎಸ್ತರ್. ಒಂದು ಮಾತೂ ಬರಲಿಲ್ಲ.

ಕಣ್ಣು ತೆರೆದಾಗ ಬಾಗಿಲ ಸಂದಿಯಲ್ಲಿ ನೀನು ಕಂಡೆ — ಸೆರಗನ್ನು ತಲೆಯ ಮೇಲೆಳೆದುಕೊಂಡು, ಕಾರಿಡಾರಿನ ನೆಲಕ್ಕೆ ಹಣೆಯಿಟ್ಟು. ಜನ ನಿನ್ನ ಪಕ್ಕದಿಂದ ಸರಿದು ಓಡಾಡುತ್ತಿದ್ದರು. ನಾನು ನೋಡುತ್ತಿರುವಾಗಲೇ ನನ್ನ ಕೈಕೆಳಗೆ ಮಗು ಅಲುಗಿತು. "ನೀರು" ಎಂದಿತು.

ಔಷಧಿಯೂ ನಡೆಯುತ್ತಿತ್ತು, ನಾನು ಕಂಡಷ್ಟನ್ನೇ ಹೇಳುತ್ತೇನೆ. ಆ ಹೊತ್ತಿನಲ್ಲಿ ಪ್ರಾರ್ಥಿಸುತ್ತಿದ್ದವಳು ನೀನು, ನಾನಲ್ಲ. ದೇವರು ಅಷ್ಟು ಹತ್ತಿರ ಬಂದದ್ದನ್ನು ನಾನು ಮತ್ತೆಂದೂ ಕಂಡಿಲ್ಲ — ಬಂದದ್ದು ನನ್ನ ಬಳಿಗಲ್ಲ.

ಮಗು ಬದುಕಿದ್ದಕ್ಕೆ ಸಭೆ ನನ್ನ ಕೂದಲನ್ನು ಕೊಂಡಾಡಿತು. ನಾನು ತಲೆ ತಗ್ಗಿಸಿ ಕೂತೆ, ಅದನ್ನೂ ವಿನಯವೆಂದರು.

ಕಳೆದ ವಾರ ನೀನು ಮನೆಗೆ ಬಂದು, ಗಂಡನಿಗೆ ಆಪರೇಷನ್ ಇದೆ ಎಂದೆ. "ನಾನ್ ಕೇಳುದ್ರೆ ದೇವ್ರಿಗೆ ಮುಟ್ಟಕಿಲ್ಲ ಅಕ್ಕ. ನೀವೇ ಕೇಳಿ." ಆರು ವರ್ಷ ಹೀಗೆ ನಂಬಿಕೊಂಡೇ ಬದುಕಿದೆಯಾ? ಹಾಗೆ ನಂಬಿಸಿದವಳು ನಾನು.

ಭಾನುವಾರ, ದೇವರು ಮಾಡಿದ್ದಕ್ಕೆ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುವ ಹೊತ್ತಿನಲ್ಲಿ, ಈ ಪತ್ರವನ್ನೇ ಎಲ್ಲರೆದುರು ಓದುತ್ತೇನೆ. ಸಭೆ ಏನು ಮಾಡಿದರೂ ಸರಿ. ಗಂಡನಿಗಾಗಿ ನೀನೇ ಕೇಳು, ಎಸ್ತರ್. ಭಾನುವಾರದವರೆಗೆ ಕಾಯಬೇಡ.