ಟೌನ್‌ಶಿಪ್ ಸಭೆಗೆ ನಾವು ಶಾಲು ಹೊತ್ತು ಹೋದದ್ದು

ನಮ್ಮ ಕನ್ನಡ ಸಂಘದವರಿಗೆ ಶಾಲು ಹೊದಿಸುವುದಕ್ಕೆ ಒಂದು ಹೆಗಲು ಸಿಕ್ಕರೆ ಸಾಕು, ಅದು ಯಾರ ಹೆಗಲು ಎಂದು ಕೇಳುವವರಲ್ಲ. ಡೆಂಟಿಸ್ಟಿಗೆ ಹೊದಿಸಿದ್ದಾರೆ, ರಿಯಲ್ ಎಸ್ಟೇಟ್ ಏಜೆಂಟಿಗೆ ಹೊದಿಸಿದ್ದಾರೆ, ಒಮ್ಮೆ ಮೈಕು ಸರಿಮಾಡಲು ಬಂದವನನ್ನೇ ಮುಖ್ಯ ಅತಿಥಿ ಎಂದು ತಿಳಿದು ಹೊದಿಸಿ, ಫೋಟೊ ತೆಗೆಸಿ, ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದಾರೆ. ನನ್ನ ಯಜಮಾನರು ಈ ಸಂಘದ ಕಾರ್ಯದರ್ಶಿ. ಹಾಗಾಗಿ ಶಾಲುಗಳ ಸ್ಟಾಕೆಲ್ಲ ನಮ್ಮ ಮನೆಯ ಗೆಸ್ಟ್ ರೂಮಿನ ಕ್ಲಾಸೆಟ್ಟಿನಲ್ಲೇ ಇರುತ್ತದೆ. ಮೈಸೂರಿನಿಂದ ನನ್ನ ತಂಗಿ ಬಂದರೆ ಅವಳ ಸೀರೆಗಳನ್ನು ಸೂಟ್‌ಕೇಸಿನಲ್ಲೇ ಇಟ್ಟುಕೊಳ್ಳಬೇಕು.

ನಾವಿರುವುದು ನ್ಯೂಜೆರ್ಸಿಯಲ್ಲಿ, ಈಸ್ಟ್ ಬ್ರನ್ಸ್‌ವಿಕ್‌ಗೆ ಹತ್ತಿರದ ಒಂದು ಟೌನ್‌ಶಿಪ್ಪು, ಅಂದರೆ ತನ್ನದೇ ಪುರಸಭೆಯಿರುವ ಸಣ್ಣ ಊರು. ಇಲ್ಲಿಯ ಸ್ಟ್ರಿಪ್ ಮಾಲಿನಲ್ಲಿ, ಅಂದರೆ ಗೋಡೆಗೆ ಗೋಡೆ ಅಂಟಿದ ಅಂಗಡಿಸಾಲಿನಲ್ಲಿ, ಒಂದು ಪಿಜ್ಜಾ ಅಂಗಡಿ, ಒಂದು ಡ್ರೈ ಕ್ಲೀನರ್, ನಮ್ಮ ಇಂಡಿಯನ್ ಗ್ರೋಸರಿ, ಅದರಾಚೆಗೆ ಒಂದು ಡೇಕೇರು. ಡೇಕೇರು ನಡೆಸುತ್ತಿದ್ದವರು ಧಾರವಾಡದ ಹೆಣ್ಣುಮಗಳು. ನಾವೆಲ್ಲ ಟೀಚರ್ ಎಂದೇ ಕರೆಯುತ್ತಿದ್ದೆವು. ಗಂಡನ ಕೆಲಸ ಹೋದ ಮೇಲೆ ಮನೆ ನಿಂತದ್ದು ಆ ಡೇಕೇರಿನ ಮೇಲೆ, ಅದು ಊರಿಗೆಲ್ಲ ಗೊತ್ತಿತ್ತು. ನಮ್ಮವರ ಮೊಮ್ಮಕ್ಕಳು ಮುಕ್ಕಾಲು ಪಾಲು ಅಲ್ಲೇ ಬೆಳೆದವು. ನನ್ನ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವಳ ಎರಡೂವರೆ ವರ್ಷದ ಮಗಳು ಮಾತ್ರ ತಟ್ಟೆ ಮುಂದಿಟ್ಟರೆ ಮುಖ ತಿರುಗಿಸಿ "ನಾ ಒಲ್ಲೆ" ಎನ್ನುತ್ತಿದ್ದಳು. ಸಂಘದವರು ವರ್ಷವಿಡೀ ಕನ್ನಡ ಉಳಿಸಿ ಎಂದು ಭಾಷಣ ಮಾಡುತ್ತಾರೆ. ಉಳಿಸುತ್ತಿದ್ದದ್ದು ಆಕೆ, ಡೈಪರ್ ಬದಲಿಸುತ್ತಲೇ.

ಡೇಕೇರಿನ ಪಕ್ಕದಲ್ಲಿದ್ದ ನೇಲ್ ಸಲೂನ್ ಖಾಲಿಯಾಯಿತು. ಆ ಜಾಗವನ್ನು ಬಂದೂಕು ಮಾರುವವನೊಬ್ಬ ಗುತ್ತಿಗೆಗೆ ಹಿಡಿದಿದ್ದಾನೆ ಎಂದು ಸುದ್ದಿ ಬಂತು. ಟೀಚರ್ ಸುಮ್ಮನೆ ಕೂರಲಿಲ್ಲ. ಕಂಡಕಂಡವರನ್ನು ಹಿಡಿದು, ಕೌನ್ಸಿಲ್ ಸದಸ್ಯರ ಮನೆಬಾಗಿಲು ತಟ್ಟಿ, ಕೊನೆಗೂ ಒಂದು ಪ್ರಸ್ತಾವ ಸಭೆಯ ಮುಂದೆ ಬರುವ ಹಾಗೆ ಮಾಡಿದರು. ಶಾಲೆ, ಡೇಕೇರುಗಳ ಸಾವಿರ ಅಡಿಯೊಳಗೆ ಬಂದೂಕಿನ ಅಂಗಡಿ ತೆರೆಯಕೂಡದು ಎನ್ನುವುದು ಅದರ ಸಾರಾಂಶ. ಅದು ಪಾಸಾದರೆ ಆಕೆಯ ಡೇಕೇರು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಯಾವ ತಾಯಿ ತಂದೆ ಅಂಥ ಗೋಡೆಯ ಪಕ್ಕ ಮಗುವನ್ನು ಮಲಗಿಸುತ್ತಾರೆ?

ಅದೇ ಸಂಜೆ, ಅದೇ ಸಭೆಯಲ್ಲಿ, ಸಮುದಾಯ ಸಂಘಟನೆಗಳಿಗೆ ಟೌನ್‌ಶಿಪ್ಪು ಕೊಡುವ ಅನುದಾನದ ವಿಷಯವೂ ಇತ್ತು. ನಮ್ಮ ಸಂಘ ಹಿರಿಯರ ಯೋಗಕ್ಕೆ ಮತ್ತು ಯುಗಾದಿಗೆಂದು ಅರ್ಜಿ ಹಾಕಿತ್ತು. ಯೋಗಕ್ಕೂ ಯುಗಾದಿಗೂ ಏನು ಸಂಬಂಧ ಎಂದು ನಾನು ಯಜಮಾನರನ್ನು ಕೇಳಿದ್ದೆ. "ಸುಮ್ನಿರೆ, ಬಿಸಿಬೇಳೆಬಾತ್ ಅಂತ ಬರೆದರೆ ಕೊಡ್ತಾರಾ?" ಎಂದರು. ಅನುದಾನದ ಉಸ್ತುವಾರಿ ಹೊತ್ತ ಕೌನ್ಸಿಲ್‌ಮನ್‌ಗೆ ಬಂದೂಕು ಎಂದರೆ ಪ್ರಾಣ. ಇಲ್ಲಿಂದ ನಮ್ಮವರ ಧರ್ಮಸಂಕಟ ಶುರುವಾಯಿತು.

ಟೀಚರ್ ಸಂಘದ ಅಧ್ಯಕ್ಷರ ಮನೆಗೆ ಬಂದದ್ದು ಒಂದು ಭಾನುವಾರ. ಕಮಿಟಿ ಮೀಟಿಂಗು ನಡೆದಿತ್ತು, ಅಂದರೆ ಎರಡನೇ ಸುತ್ತಿನ ಕಾಫಿ ನಡೆದಿತ್ತು. ಅಧ್ಯಕ್ಷರು ರಿಟೈರ್ ಆದ ಇಂಜಿನಿಯರು, ಒಳ್ಳೆಯ ಕಂಠ, ತಾವು ಮಾತಾಡುವಾಗ ತಾವೇ ತಲೆದೂಗುವ ಅಭ್ಯಾಸ.

"ನೋಡಿಮ್ಮಾ, ನಮ್ಮದು ಕಲ್ಚರಲ್ ಆರ್ಗನೈಸೇಷನ್. ಗನ್ನು ಗಿನ್ನು ಅಂತ ಪಾಲಿಟಿಕ್ಸ್‌ಗೆ ಇಳಿಯೋದು ನಮಗೆ ಶೋಭೆ ತರಲ್ಲ."

"ಅಂಕಲ್, ನಿಮ್ಮ ಮೊಮ್ಮಗ ಮಲಗೂದು ಅದ ಗ್ವಾಡಿ ಬಾಜೂಕ."

"ಅದು ಗೊತ್ತಮ್ಮ, ಹಾರ್ಟಲ್ಲಿ ನಾವೆಲ್ಲ ನಿಮ್ಮ ಜೊತೇಲೇ ಇದೀವಿ."

"ಹಾರ್ಟ್ ಬ್ಯಾಡ್ರೀ, ಖುರ್ಚಿ ಮ್ಯಾಲೆ ಇರ್ರಿ. ಮಾತಾಡೂದು ನಾ ಮಾತಾಡ್ತೀನಿ. ನೀವೆಲ್ಲಾ ನನ್ನ ಹಿಂದ ಕುಂತ್ರ ಸಾಕು. ಎಷ್ಟು ಮಂದಿ ಬಂದಾರ ಅಂತ ಅವರಿಗೆ ಕಾಣಬೇಕು."

ಇದು ಅಧ್ಯಕ್ಷರಿಗೆ ಹಿಡಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೇಗಿದ್ದರೂ ಅನುದಾನಕ್ಕಾಗಿ ಹೋಗುವವರೇ, ಅರ್ಧ ಗಂಟೆ ಮುಂಚೆ ಹೋಗಿ ಕೂತರಾಯಿತು. ರಾತ್ರಿಯೊಳಗೆ ವಾಟ್ಸ್ಯಾಪ್ ಗುಂಪಿಗೆ ಆದೇಶ ಬಂತು: ಎಲ್ಲರೂ ಬನ್ನಿ, ಹೆಂಗಸರು ದಯವಿಟ್ಟು ರೇಷ್ಮೆ ಸೀರೆ, ಗನ್ ವಿಷಯದಲ್ಲಿ ಎಲ್ಲರೂ ನ್ಯೂಟ್ರಲ್. ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಿದ್ದವು. ಟೀಚರ್ ಕೂಡ ಕೈಮುಗಿದಿದ್ದರು.

ಸಭೆಯ ದಿನ ಮುನಿಸಿಪಲ್ ಕಟ್ಟಡಕ್ಕೆ ನಾವು ಹೊಕ್ಕಾಗ ಬಾಗಿಲಲ್ಲಿದ್ದ ಪೊಲೀಸನು ಮದುವೆ ಇಲ್ಲಲ್ಲ, ಮುಂದಿನ ಬ್ಲಾಕಿನಲ್ಲಿ ಎಂದು ಸಭ್ಯವಾಗಿ ಹೇಳಿದ. ನನ್ನ ಕೈಯಲ್ಲಿ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಶಾಲು, ಗಂಧದ ಹಾರ, ಒಂದು ಮೈಸೂರು ಪೇಟ. ಅನುದಾನ ಸಿಕ್ಕ ತಕ್ಷಣ ಕೌನ್ಸಿಲ್‌ಮನ್‌ಗೆ ಸನ್ಮಾನ ಮಾಡುವ ಯೋಜನೆ. ಕಾರ್ಯದರ್ಶಿಯ ಹೆಂಡತಿಗೆ ಸಂಘದಲ್ಲಿರುವ ಏಕೈಕ ಹುದ್ದೆ ಈ ತಟ್ಟೆ ಹಿಡಿಯುವುದು. ಮೂರು ಸಾಲು ತುಂಬ ಕೂತೆವು. ಮುಂದಿನ ಸಾಲಿನಲ್ಲಿದ್ದ ಟೀಚರ್ ಹಿಂತಿರುಗಿ ನೋಡಿದರು. ಅವರ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಮಾತಾಡುವವರಿಗೆ ಮೂರೇ ನಿಮಿಷ. ಮೇಜಿನ ಮೇಲೊಂದು ಪುಟ್ಟ ದೀಪ, ಹಸಿರಿನಿಂದ ಹಳದಿ, ಹಳದಿಯಿಂದ ಕೆಂಪು. ಟೀಚರ್ ಎದ್ದು ಮೈಕಿನ ಮುಂದೆ ಹೋದರು. ನಮ್ಮ ಕಡೆ ಭಾಷಣ ಶುರುವಾಗುವ ರೀತಿಯೇ ಬೇರೆ. ಆಕೆ ಯಾವ ಗಣ್ಯರನ್ನೂ ಸಂಬೋಧಿಸಲಿಲ್ಲ. ನೇರವಾಗಿ, ಮಕ್ಕಳು ಮಧ್ಯಾಹ್ನ ಮಲಗುವ ಕೋಣೆಗೂ ಆ ಅಂಗಡಿಗೂ ನಡುವೆ ಒಂದೇ ಗೋಡೆ, ಆಚೆ ಯಾರಾದರೂ ಕೆಮ್ಮಿದರೆ ಈಚೆ ಕೇಳುತ್ತದೆ ಎಂದರು. ಯಾರಾದರೂ ಬಂದೂಕು ಹಿಡಿದು ನುಗ್ಗಿದರೆ ಏನು ಮಾಡಬೇಕೆಂದು ಈ ದೇಶದಲ್ಲಿ ಎರಡು ವರ್ಷದ ಮಕ್ಕಳಿಗೂ ತರಬೇತಿ ಕೊಡಬೇಕಲ್ಲ, ಅದನ್ನು ನಾನು ಇಲಿಯಾಟ ಎಂದು ಹೇಳಿಕೊಡುತ್ತೇನೆ ಎಂದರು. ಎಲ್ಲರೂ ಕ್ಲಾಸೆಟ್ಟಿನೊಳಗೆ ಇಲಿಗಳಾಗಿ ಬಾಯಿ ಮುಚ್ಚಿ ಕೂರಬೇಕು, ಸದ್ದು ಮಾಡಿದವರು ಔಟು. ಮಕ್ಕಳಿಗೆ ಆ ಆಟ ತುಂಬ ಇಷ್ಟ, ದಿನಾ ಆಡೋಣ ಎನ್ನುತ್ತಾರೆ. ಇನ್ನು ಮೇಲೆ ಪಕ್ಕದ ಬಾಗಿಲಿಂದ ದಿನಾ ಬಂದೂಕು ಹಿಡಿದವರು ಹೊರಗೆ ಬರುತ್ತಾರೆ. ಯಾವುದು ಆಟ, ಯಾವುದು ನಿಜ ಎಂದು ನಾನು ಅವರಿಗೆ ಹೇಗೆ ಹೇಳಲಿ? ಇಷ್ಟು ಹೇಳಿ ಬಂದು ಕೂತುಬಿಟ್ಟರು. ದೀಪ ಇನ್ನೂ ಹಸಿರಾಗಿಯೇ ಇತ್ತು.

ಒಂದು ಚಪ್ಪಾಳೆಯೂ ಬೀಳಲಿಲ್ಲ. ಯಾಕೆಂದರೆ ಮಾತು ಮುಗಿಯಿತು ಎಂದು ನಮ್ಮವರಿಗೆ ಗೊತ್ತಾಗಲಿಲ್ಲ. ಸಂಘದ ಕಾರ್ಯಕ್ರಮಗಳಲ್ಲಿ ಭಾಷಣಗಳನ್ನು ಯಾರೂ ಕೇಳುವುದಿಲ್ಲ. ಫೋನು ನೋಡುತ್ತಾ, ಊಟಕ್ಕೆ ಏನಿದೆಯೆಂದು ಪಿಸುಗುಟ್ಟುತ್ತಾ ಇರುತ್ತೇವೆ. ಕಿವಿ ಮಾತ್ರ ಥ್ಯಾಂಕ್ಯೂ, ನಮಸ್ಕಾರ ಎನ್ನುವ ಎರಡು ಶಬ್ದಕ್ಕೆ ಕಾದಿರುತ್ತದೆ. ಅದು ಬಿದ್ದೊಡನೆ ಕೈಗಳು ತಾವಾಗಿ ಬಡಿದುಕೊಳ್ಳುತ್ತವೆ. ಟೀಚರ್ ಅದನ್ನು ಹೇಳಲೇ ಇಲ್ಲ.

ಮುಂದೆ ಬಂದವನು ಬಂದೂಕಿನಂಗಡಿಯವನು. ದಪ್ಪಗೆ, ಬೆಳ್ಳಗೆ, ನಗುಮುಖ. ನಮ್ಮ ಕಂಸಾಳೆ ಗುಂಪಿನಲ್ಲಿ ನಿಲ್ಲಿಸಿದರೂ ಹೊಂದಿಕೊಳ್ಳುವಂಥ ಆಳು. ತಾನೂ ಸಂಸಾರಸ್ಥ, ಕಾನೂನು ಪ್ರಕಾರ ವ್ಯಾಪಾರ ಮಾಡುವವನು ಎಂದ. ನಮ್ಮ ಮೂರು ಸಾಲುಗಳತ್ತ ತಿರುಗಿ, ಇಲ್ಲಿ ಕೂತಿರುವ ಇಂಡಿಯನ್ ಸಮುದಾಯದಷ್ಟು ದುಡಿಯುವ, ಕುಟುಂಬವನ್ನು ಪ್ರೀತಿಸುವ ಜನರನ್ನು ತಾನು ಕಂಡಿಲ್ಲ, ಅಂಥವರ ನೆರೆಯಲ್ಲಿ ಅಂಗಡಿ ಇಡುವುದು ತನ್ನ ಭಾಗ್ಯ ಎಂದ. ಕೆಂಪು ದೀಪ ಬರುವ ಮುಂಚೆ ಎರಡೂ ಕೈ ಜೋಡಿಸಿ, "ಥ್ಯಾಂಕ್ಯೂ. ನಮಸ್ತೇ," ಎಂದುಬಿಟ್ಟ.

ಮೊದಲು ಅಧ್ಯಕ್ಷರ ಕೈ. ಅದರ ಹಿಂದೆ ಮೂರೂ ಸಾಲು. ಬಳೆಗಳ ಸದ್ದೂ ಸೇರಿ ಹಾಲು ಗುಂಯ್‌ಗುಟ್ಟಿತು. ಒಬ್ಬರು ಆಂಟಿ ಖುಷಿಯಿಂದ "ಎಷ್ಟು ಚೆನ್ನಾಗಿ ನಮಸ್ತೇ ಅಂದ ಅಲ್ವಾ" ಎಂದರು. ನನ್ನ ಕೈಯಲ್ಲಿ ತಟ್ಟೆ ಇತ್ತು, ಅದರಿಂದಾಗಿ ಬಚಾವಾದೆ. ಅಂಗಡಿಯವನಿಗೇ ಗಲಿಬಿಲಿಯಾಗಿ ಕಿವಿ ಕೆಂಪಾದವು. ಟೀಚರ್ ಹಿಂದಕ್ಕೆ ತಿರುಗಲಿಲ್ಲ. ಅವರ ಬೆನ್ನು ಮಾತ್ರ ಕಾಣುತ್ತಿತ್ತು.

ಐವರು ಕೌನ್ಸಿಲರುಗಳಲ್ಲಿ ಇಬ್ಬರು ಪ್ರಸ್ತಾವದ ಪರ, ಇಬ್ಬರು ವಿರುದ್ಧ. ಉಳಿದವರು ಒಬ್ಬ ವಯಸ್ಸಾದ ಮಹಿಳೆ. ಅವರು ಕನ್ನಡಕ ತೆಗೆದು ಒರೆಸಿ, ಏನು ಮಾಡಬೇಕೆಂದು ತಿಳಿಯದೆ ಇಲ್ಲಿಗೆ ಬಂದಿದ್ದೆ, ಆ ತಾಯಿಯ ಮಾತು ನನ್ನನ್ನು ಅಲುಗಾಡಿಸಿತು ಎಂದರು. ಆದರೆ ಆ ಡೇಕೇರಿಗೆ ಮಕ್ಕಳನ್ನು ಕಳಿಸುವ ಕುಟುಂಬಗಳೇ ಇಲ್ಲಿ ಕೂತಿವೆಯಂತೆ, ಅವರೇ ಈ ಅಂಗಡಿಯನ್ನು ಇಷ್ಟು ಪ್ರೀತಿಯಿಂದ ಸ್ವಾಗತಿಸಿದ ಮೇಲೆ ಬೇಡ ಎನ್ನಲು ನಾನು ಯಾರು, ಎಂದು ವಿರುದ್ಧವಾಗಿ ವೋಟು ಹಾಕಿದರು. ಪ್ರಸ್ತಾವ ಬಿದ್ದುಹೋಯಿತು. ನಮ್ಮ ಸಾಲಿನಲ್ಲಿ ಯಾರೋ "ಏನಂತೆ?" ಎಂದು ಕೇಳಿದರು.

ಎದ್ದು ನಿಂತು ಅಯ್ಯೋ ತಪ್ಪಾಯಿತು, ಅದು ಅಭ್ಯಾಸಬಲದ ಚಪ್ಪಾಳೆ ಎನ್ನಬಹುದಿತ್ತಲ್ಲ? ಅಧ್ಯಕ್ಷರಿಗೆ ಪುರುಸೊತ್ತಿರಲಿಲ್ಲ, ಅನುದಾನದ ಸರದಿ ಬಂದಿತ್ತು. ವೇದಿಕೆಯ ಮೇಲೆ ಆಸೀನರಾದ ಗೌರವಾನ್ವಿತರು ಎಂದು ಇಂಗ್ಲಿಷಿನಲ್ಲಿ ಆರಂಭಿಸಿ, ಒಬ್ಬೊಬ್ಬರನ್ನೂ ಬೇರೆಬೇರೆ ವಂದಿಸಿ, ಕ್ಲಾರ್ಕನ್ನೂ ಪೊಲೀಸನನ್ನೂ ಬಿಡದೆ ವಂದಿಸಿ, ನಮ್ಮ ಸಂಘವು ಎನ್ನುವಷ್ಟರಲ್ಲಿ ಕೆಂಪು ದೀಪ. ಆದರೂ ಅನುದಾನ ಮಂಜೂರಾಯಿತು, ಐವರೂ ಒಮ್ಮತದಿಂದ. ಆಗ ನನಗೆ ಕಣ್ಸನ್ನೆ ಬಂತು. ತಟ್ಟೆ ಹಿಡಿದು ಹೊರಟೆ. ಟೌನ್‌ಶಿಪ್ಪಿನ ವಕೀಲ ಗಾಬರಿಯಿಂದ ಎದ್ದು, ಕೌನ್ಸಿಲರುಗಳು ಉಡುಗೊರೆ ತೆಗೆದುಕೊಳ್ಳುವಂತಿಲ್ಲ, ಇದರ ಬೆಲೆ ಎಷ್ಟು ಎಂದ.

"ದಿಸ್ ಈಸ್ ರೆಸ್ಪೆಕ್ಟ್ ಸಾರ್, ಪ್ರೈಸ್‌ಲೆಸ್," ಎಂದರು ಅಧ್ಯಕ್ಷರು.

ಬೆಲೆ ಕಟ್ಟಲಾಗದಷ್ಟು ದುಬಾರಿಯಾದರೆ ಖಂಡಿತ ಆಗುವುದಿಲ್ಲ ಎಂದು ವಕೀಲ ನನ್ನನ್ನು ವಾಪಸು ಕಳಿಸಿದ. ನನಗೆ ಅವನ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ ಅವನಿಗೇ ಹೊದಿಸಿಬಿಡೋಣವೆನಿಸಿತು.

ಪಾರ್ಕಿಂಗ್ ಲಾಟಿನಲ್ಲಿ ಅಧ್ಯಕ್ಷರು ಟೀಚರನ್ನು ತಡೆದು ಸಮಾಧಾನ ಹೇಳಿದರು. "ಚೆನ್ನಾಗಿ ಮಾತಾಡಿದ್ರಿ ಕಣಮ್ಮಾ. ಕೊನೇಲಿ ಒಂದು ಥ್ಯಾಂಕ್ಯೂ ಹೇಳಿದ್ರೆ ಇನ್ನೂ ಎಫೆಕ್ಟ್ ಇರೋದು."

"ಯಾರಿಗ್ರೀ ಅಂಕಲ್?" ಎಂದರು ಟೀಚರ್. ಉತ್ತರಕ್ಕೆ ಕಾಯದೆ ಕಾರು ಹತ್ತಿದರು.

ಬೇಸಿಗೆಯಲ್ಲಿ ಅಂಗಡಿ ತೆರೆಯಿತು. ಡೇಕೇರಿನಿಂದ ಮಗುವನ್ನು ಮೊದಲು ಬಿಡಿಸಿಕೊಂಡವರು ಯಾರೆಂದು ನೀವು ಊಹಿಸಬಹುದು. "ಪಕ್ಕದಲ್ಲೇ ಗನ್ ಶಾಪು, ಸೇಫ್ಟಿ ನೋಡ್ಬೇಕಲ್ಲ," ಎಂದು ಅಧ್ಯಕ್ಷರು ಯೋಗದ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು. ಎಲ್ಲರೂ ಹೌದು ಹೌದೆಂದು ಬೆನ್ನು ಬಗ್ಗಿಸಿದರು. ಆ ಯೋಗಕ್ಕೆ ಅನುದಾನದ ಹೊಸ ಚಾಪೆಗಳು ಬಂದಿದ್ದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಒಬ್ಬರ ಹಿಂದೆ ಒಬ್ಬರಂತೆ ನಮ್ಮ ಮಕ್ಕಳು ಖಾಲಿಯಾದರು. ನಮ್ಮ ಮನೆಯಲ್ಲಿ ಜಗಳವೇ ಆಯಿತು. "ಅಮ್ಮಾ, ಇಟ್ಸ್ ನಾಟ್ ಅಬೌಟ್ ಹರ್," ಎಂದಳು ಮಗಳು. ನಾನು ಕೂಗಾಡಿದೆ, ಒಂದು ದಿನ ಊಟ ಬಿಟ್ಟೆ, ಏನೂ ನಡೆಯಲಿಲ್ಲ. ಮೊಮ್ಮಗಳೀಗ ಹೈವೇ ಆಚೆಯ ದೊಡ್ಡ ಡೇಕೇರಿಗೆ ಹೋಗುತ್ತಾಳೆ. ಒಲ್ಲೆ ಎನ್ನುವುದು ನಿಂತಿದೆ, "ನೋ" ಎನ್ನುತ್ತಾಳೆ.

ಕೊನೆಯವರೆಗೂ ಉಳಿದದ್ದು ಒಬ್ಬ ಚೀನೀ ನರ್ಸಿನ ಮಗು, ಪಿಜ್ಜಾ ಅಂಗಡಿಯ ಅಡುಗೆಯವನ ಅವಳಿಗಳು. ಮೂರು ಮಕ್ಕಳ ಫೀಸಿನಲ್ಲಿ ಬಾಡಿಗೆ ಹುಟ್ಟುವುದಿಲ್ಲ. ಡೇಕೇರು ಮುಚ್ಚುತ್ತಿದ್ದೇನೆ, ಸಾಮಾನು ಸಾಗಿಸಲು ಯಾರಾದರೂ ಬರಬಹುದೇ ಎಂದು ಟೀಚರ್ ಸಂಘದ ಗುಂಪಿನಲ್ಲಿ ಕೇಳಿದ್ದರು. ಮತ್ತೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಿದ್ದವು. ಯಜಮಾನರಿಗೆ ಅಂದು ಬೆನ್ನು ನೋವು. ಶನಿವಾರ ಬೆಳಿಗ್ಗೆ ನಾನೊಬ್ಬಳೇ ಹೋದೆ.

ಬಾಗಿಲಲ್ಲಿ ತೊಟ್ಟಿಲಿನ ಒಂದು ತುದಿ ಹಿಡಿದು ಬರುತ್ತಿದ್ದವನು ಬಂದೂಕಿನಂಗಡಿಯವನು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಬೆಳಗ್ಗಿನಿಂದ ಅವನೇ ಎಲ್ಲ ಹೊತ್ತು ಟ್ರಕ್ಕಿಗೆ ಹಾಕುತ್ತಿದ್ದನಂತೆ. ನನ್ನ ಗುರುತು ಹಿಡಿದ, ತಟ್ಟೆಯವಳಲ್ಲವೇ ಎಂದು. ಆಮೇಲೆ ಸ್ವಲ್ಪ ಸಂಕೋಚದಿಂದ, ಆ ಸಂಜೆ ನನ್ನನ್ನು ಎಲ್ಲರೂ ಬೈಯುತ್ತಾರೆಂದುಕೊಂಡು ಬಂದಿದ್ದೆ, ನಿಮ್ಮವರು ತುಂಬ ಒಳ್ಳೆಯವರು ಎಂದ. ವ್ಯಂಗ್ಯವಿರಲಿಲ್ಲ, ಅವನು ನಿಜವಾಗಿಯೇ ಹೇಳಿದ. ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು.

ಟೀಚರ್ ತೊಟ್ಟಿಲಿನ ಇನ್ನೊಂದು ತುದಿಯಿಂದ ನನ್ನತ್ತ ನೋಡಿದರು. ಬಾಚದ ಕೂದಲು, ಕೆಂಪು ಕಣ್ಣು.

"ಹೌದ್ರೀ ಆಂಟಿ," ಎಂದರು, "ನಮ್ಮ ಮಂದಿ ಭಾಳ ಛಲೋ ಮಂದಿ. ಯಾರ ಮನಸ್ಸೂ ನೋಯಸಂಗಿಲ್ಲ. ಬರ್ರಿ, ಈ ಕಡೆ ಹಿಡೀರಿ, ನನ್ನ ಕೈ ಸೋತಾವ."