ಮೇಷ್ಟ್ರು ಎಳೆದ ಗೆರೆ

ನಾನು ನಿಂತಿದ್ದುದು ಶ್ರೀರಂಗಪಟ್ಟಣದಲ್ಲಿ, ಕಾವೇರಿಗೆ ಇಳಿಯುವ ಮೆಟ್ಟಿಲುಗಳ ಮೇಲೆ, ನೀರಿನಿಂದ ಐದನೆಯದರಲ್ಲಿ. ಭಾನುವಾರ, ಮಧ್ಯಾಹ್ನ ಹನ್ನೆರಡು ದಾಟಿತ್ತು. ಮೊನ್ನೆ ಪದ್ಮನಾಭನಗರದ ನಮ್ಮ ಮನೆಯ ಮುಂದೆ ಟ್ಯಾಂಕರಿನ ಪೈಪು ಜಾರಿ, ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ನೀರು ಹರಿಯಿತು. ಕಾದ ಕಲ್ಲು ನೆನೆದ ಆ ವಾಸನೆಗೆ ಗೇಟು ಹಿಡಿದುಕೊಂಡು ನಿಂತುಬಿಟ್ಟೆ, ಆ ಮೆಟ್ಟಿಲುಗಳದೇ ವಾಸನೆ... ಆ ಭಾನುವಾರಕ್ಕೆ ಒಂಬತ್ತು ವರ್ಷವಾಯಿತು.

ಪಕ್ಕದ ಮನೆಯ ಮೇಷ್ಟ್ರು ನಿವೃತ್ತರಾದ ಮೇಲೂ ಟ್ಯೂಷನ್ ಹೇಳುತ್ತಿದ್ದರು. ಜೇಬಿನಲ್ಲಿ ಸದಾ ಸೀಮೆಸುಣ್ಣದ ತುಂಡು. ಆ ದಿನ ಅವರು, ಅವರ ಹೆಂಡತಿ, ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು, ಭಾವಮೈದ ಒಂದೇ ವ್ಯಾನಿನಲ್ಲಿ ಹೋಗಿದ್ದೆವು. ಬೆಳಿಗ್ಗೆಯೆಲ್ಲ ಮೇಷ್ಟ್ರು ಕೋಟೆ ತೋರಿಸಿದರು. ಗೋಡೆ ಒಡೆದ ಜಾಗದಲ್ಲಿ ನಿಂತು, "ಬ್ರಿಟಿಷ್ರು ಬೇಸಿಗೇಲಿ ಬಂದ್ರು ಕಣ್ರಿ, ಹೊಳೇಲಿ ನೀರಿರಲಿಲ್ಲ. ನದೀನ ನಂಬಿ ಕೂತ್ರೆ ಹಿಂಗೇ," ಎಂದರು.

ನದಿಗಿಳಿದಾಗ ಅವರು ಮೊದಲು ಮಾಡಿದ ಕೆಲಸ, ನೀರಿನಿಂದ ನಾಲ್ಕು ಬೆರಳು ಮೇಲೆ ಒಣಕಲ್ಲಿನ ಮೇಲೆ ಒಂದು ಗೆರೆ ಎಳೆದದ್ದು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ಕಾಲದ ಅಭ್ಯಾಸ. ಗೆರೆ ಮುಳುಗಿದರೆ ಎಲ್ಲರೂ ಮೇಲೆ ಬರಬೇಕು. ನನ್ನ ಹೆಂಡತಿ, ಮಗಳು ಮೊಣಕಾಲುದ್ದದ ನೀರು ದಾಟಿ ಬಂಡೆಯೊಂದರ ಮೇಲೆ ಕೂತರು.

ಮೇಷ್ಟ್ರು ಆಚೆ ತಿರುಗಿದ್ದಾಗ ಭಾವಮೈದ ನೀರೆರಚಿ ಗೆರೆ ಅಳಿಸಿದ. ಅವರು ತಿರುಗಿ ನೋಡಿದರೆ ಗೆರೆಯಿಲ್ಲ, ಮೇಲೆ ಬನ್ನಿ ಎಂದು ಕೂಗಿಕೊಂಡರು. ಹೆಂಡತಿ ಮಗಳನ್ನು ಎತ್ತಿಕೊಂಡು ಎದ್ದುಬಿದ್ದು ದಡಕ್ಕೆ ಬಂದಳು.

"ಟೆಸ್ಟ್ ಮಾಡ್ದೆ ಸಾರ್. ಫುಲ್ ಮಾರ್ಕ್ಸ್ ನಿಮ್ಗೆ."

"ನನ್ ಕ್ಲಾಸಲ್ಲಿದ್ದಿದ್ರೆ ಬೆಂಚ್ ಹತ್ತಿಸ್ತಿದ್ದೆ ನಿನ್ನ," ಎಂದು ಮೇಷ್ಟ್ರೂ ನಕ್ಕರು. ಆದರೆ ಅವರ ಕಿವಿ ಕೆಂಪಾಗಿತ್ತು. ಮತ್ತೆ ಗೆರೆ ಎಳೆದರು. ನನ್ನ ಹೆಂಡತಿ, ಮಗಳು ಮತ್ತೆ ಬಂಡೆಗೆ ಹೋದರು.

ಅರ್ಧ ಗಂಟೆಯಾಗಿರಬಹುದು. ನಾನು ಮೊಬೈಲಿನಲ್ಲಿ ಬೆಳಗಿನ ಫೋಟೋ ನೋಡುತ್ತಿದ್ದೆ. ಮೇಷ್ಟ್ರು ಈ ಸಲ ಕೂಗಲಿಲ್ಲ. ಮೆಲ್ಲಗೆ ಕೇಳಿದರು: "ಗೆರೆ ಕಾಣ್ತಿಲ್ವಲ್ರಿ. ಮತ್ತೆ ಅಳಿಸಿದ್ನಾ ನಿಮ್ಮ ಭಾವಮೈದ?"

ನಾನು ತಲೆ ಎತ್ತಲಿಲ್ಲ. "ಅವನೇ ಇರ್ಬೇಕು ಬಿಡಿ ಸಾರ್," ಎಂದೆ.

ಅವರು ಸುಮ್ಮನೆ ಕೂತರು. ಎಷ್ಟು ಹೊತ್ತು... ಎರಡು ನಿಮಿಷ, ಮೂರು. ಆಮೇಲೆ ಕೆಳಗಿನ ಮೆಟ್ಟಿಲಲ್ಲಿ ಬಿಟ್ಟಿದ್ದ ಅವರ ಚಪ್ಪಲಿ ತೇಲಿಕೊಂಡು ಹೋಯಿತು. ನದಿ ಯಾಕೆ ಏರಿತೆಂದು ನನಗೆ ಇಂದಿಗೂ ತಿಳಿಯದು. ಶಬ್ದವೇ ಇರಲಿಲ್ಲ.

ಮೇಷ್ಟ್ರು ಪ್ಯಾಂಟಿನಲ್ಲೇ ಇಳಿದರು. ಎದೆಮಟ್ಟದ ನೀರಿನಲ್ಲಿ ಮಗಳನ್ನು ತಂದು ಭಾವಮೈದನ ಕೈಗೆ ಕೊಟ್ಟು ತಿರುಗಿ ಹೋದರು. ನನ್ನ ಹೆಂಡತಿ ಅವರ ಭುಜ ಹಿಡಿದು ಬಂದಳು. ಅವಳ ಇನ್ನೊಂದು ಕೈ ನನಗೆ ಸಿಕ್ಕಿತು. ಎಳೆದೆ. ಅವಳು ಮೆಟ್ಟಿಲ ಮೇಲಿದ್ದಳು, ಮೇಷ್ಟ್ರು ಅಲ್ಲಿರಲಿಲ್ಲ. ಮರುದಿನ ತೆಪ್ಪದವರು ಹೊಳೆಯ ಕೆಳಗಡೆ ಅವರ ದೇಹ ಹುಡುಕಿ ತಂದರು.

ಕಂಡವರಲ್ಲಿ ಈಗಲೂ ಇರುವವರು: ನನ್ನ ಹೆಂಡತಿ. ಮಗಳು, ಅವಳಿಗೆ ನೀರು ತಣ್ಣಗಿತ್ತೆಂಬುದಷ್ಟೇ ನೆನಪು. ಎರಡನೆಯ ಸಲ ತಾನು ಅಳಿಸಲಿಲ್ಲವೆಂದು ಕೇಳದವರಿಗೂ ಹೇಳುವ ಭಾವಮೈದ. ಮತ್ತೆ ಮೇಷ್ಟ್ರ ಹೆಂಡತಿ. ಅವರು ನನಗಿಂತ ಒಂದೇ ಮೆಟ್ಟಿಲು ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದರು. ಮೇಷ್ಟ್ರು ಕೇಳಿದ್ದು, ನಾನು ಹೇಳಿದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ, ನಾನು ಕೇಳಿಲ್ಲ. ದಿನಾ ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ನನ್ನನ್ನು ಮಾತನಾಡಿಸುತ್ತಾರೆ. "ತಿಂಡಿ ಆಯ್ತಾ" ಎಂಬುದು ಪೂರ್ತಿ ಮುಗಿಯುವವರೆಗೆ ನಾನು ಉಸಿರು ಹಿಡಿದು ನಿಂತಿರುತ್ತೇನೆ.